ಕಾಲಿನ್ಸ್‌ನ 628: ಒಂದು ಆಟ, ಒಂದು ಯುದ್ಧ, ನಡುವಿನ ಕಟ್ಟುಕಥೆ

1899ರ ಜೂನ್ ತಿಂಗಳಲ್ಲಿ, ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಕ್ಲಿಫ್ಟನ್ ಕಾಲೇಜಿನ ಮೈದಾನವೊಂದರಲ್ಲಿ ಹದಿಮೂರು ವರ್ಷದ ಹುಡುಗನೊಬ್ಬ ಔಟಾಗದೆ 628 ರನ್ ಹೊಡೆದ. ಹದಿನೈದು ವರ್ಷ ಕಳೆದ ಮೇಲೆ, 1914ರ ನವೆಂಬರ್ 11ರಂದು, ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದ ಹತ್ತಿರ ಅದೇ ಹುಡುಗ ಬ್ರಿಟಿಷ್ ಸೇನೆಯ ಕ್ಯಾಪ್ಟನ್ ಆಗಿ ಪ್ರಾಣ ಬಿಟ್ಟ. ಎ.ಇ.ಜೆ. ಕಾಲಿನ್ಸ್‌ನ ಬದುಕಿನಲ್ಲಿ ಲೋಕ ನೆನಪಿಟ್ಟುಕೊಂಡಿರುವುದು ಈ ಎರಡೇ ಸಂಗತಿಗಳನ್ನು. ಕ್ರಿಕೆಟ್ ಚರಿತ್ರೆಯ ಪುಟಗಳಲ್ಲಿ ಇವೆರಡೂ ಒಂದರ ಬೆನ್ನಿಗೊಂದು ಬರುತ್ತವೆ. ಓದುವವರಿಗೆ ಮೊದಲನೆಯದರಿಂದಲೇ ಎರಡನೆಯದು ಹುಟ್ಟಿತೇನೋ ಎನ್ನಿಸುತ್ತದೆ: ಮೈದಾನದಲ್ಲಿ ಸೋಲೊಪ್ಪದೆ ನಿಂತ ಹುಡುಗ ರಣರಂಗದಲ್ಲೂ ಸೋಲೊಪ್ಪದೆ ನಿಂತ, ಶಾಲೆ ಕಲಿಸಿದ ಆಟ ಅವನನ್ನು ವೀರನನ್ನಾಗಿ ಮಾಡಿತು ಎಂಬ ಕಥೆ ತಾನಾಗಿ ಬೆಳೆಯುತ್ತದೆ. ಈ ಕಥೆಗೆ ಆಧಾರ ಸಾಲದು ಎಂಬುದೇ ಈ ಲೇಖನದ ವಾದ. ಕಾಲಿನ್ಸ್ ಈಪ್ರ್ ತಲುಪಿದ್ದು ಕ್ರಿಕೆಟ್ಟಿನ ದಾರಿಯಿಂದಲ್ಲ. ಅವನನ್ನು ಅಲ್ಲಿಗೆ ಒಯ್ದ ದಾರಿ ಬೇರೆಯೇ ಇತ್ತು, ಅದರ ಹೆಜ್ಜೆಗುರುತುಗಳು ಇಂದಿಗೂ ಸ್ಪಷ್ಟವಾಗಿವೆ. ಆಟವನ್ನೂ ಸಾವನ್ನೂ ಬಿಡಿಸಿ ನೋಡಿದರೆ ಮಾತ್ರ ಆ ಹುಡುಗನಿಗೂ ಆ ಸೈನಿಕನಿಗೂ ನ್ಯಾಯ ಸಲ್ಲುತ್ತದೆ.

ಮೊದಲು ಆ ಪಂದ್ಯವನ್ನೇ ಹತ್ತಿರದಿಂದ ನೋಡೋಣ. ಅದು ಕೌಂಟಿ ಪಂದ್ಯವಾಗಿರಲಿಲ್ಲ, ಶಾಲೆಯ ಮೊದಲ ತಂಡದ ಪಂದ್ಯವೂ ಆಗಿರಲಿಲ್ಲ. ಕ್ಲಾರ್ಕ್ಸ್ ಹೌಸ್ ಮತ್ತು ನಾರ್ತ್ ಟೌನ್ ಎಂಬ ಎರಡು ಹೌಸ್‌ಗಳ ಕಿರಿಯ ಹುಡುಗರು ಪಾಠ ಮುಗಿದ ಮೇಲೆ ಆಡಿದ ಒಳಪಂದ್ಯ. ಜೂನ್ 22ರ ಗುರುವಾರ ಮಧ್ಯಾಹ್ನ ಶುರುವಾದ ಈ ಪಂದ್ಯಕ್ಕೆ ದಿನಗಳ ಮಿತಿ ಇರಲಿಲ್ಲ. ಬಿಡುವು ಸಿಕ್ಕ ಹೊತ್ತಿನಲ್ಲೆಲ್ಲ ಮುಂದುವರಿಯುತ್ತ ಅದು ಮುಂದಿನ ವಾರಕ್ಕೂ ಹಬ್ಬಿತು. ಆಡಿದ್ದು ಶಾಲೆಯ ಮುಖ್ಯ ಮೈದಾನದಲ್ಲೂ ಅಲ್ಲ, ಒಂದು ಬದಿಯ ಮೈದಾನದಲ್ಲಿ. ಅದರ ಕೆಲವು ಕಡೆ ಬೌಂಡರಿ ತೀರ ಹತ್ತಿರವಿದ್ದು ಅಲ್ಲಿಗೆ ಚೆಂಡು ಹೋದರೆ ಎರಡೇ ರನ್. ಇನ್ನೊಂದು ಕಡೆ ಇಳಿಜಾರು, ಅಲ್ಲಿಗೆ ಹೊಡೆದರೆ ಓಡಿಯೇ ರನ್ ಗಳಿಸಬೇಕು. ಕಾಲಿನ್ಸ್‌ನ ರನ್ನುಗಳ ವಿವರ ಈ ಮೈದಾನದ ಚಿತ್ರವನ್ನೇ ಕೊಡುತ್ತದೆ: ಒಂದು ಸಲ ಆರು, ನಾಲ್ಕು ಸಲ ಐದು, 31 ಸಲ ನಾಲ್ಕು, 33 ಸಲ ಮೂರು, 146 ಸಲ ಎರಡು, 87 ಸಲ ಒಂದು. ಕೂಡಿಸಿದರೆ 628. ಅರ್ಧಕ್ಕೆ ಹತ್ತಿರದಷ್ಟು ರನ್ ಎರಡೆರಡರಿಂದಲೇ ಬಂದಿವೆ. ಮೊದಲ ದಿನದ ಆಟ ಮುಗಿದಾಗ ಅವನ ಖಾತೆಯಲ್ಲಿ 200 ಇತ್ತು. ಎರಡನೆಯ ದಿನ ಸುದ್ದಿ ಹಬ್ಬಿ ಶಾಲೆಯ ಹುಡುಗರೂ ಹಿರಿಯರೂ ಮೈದಾನದ ಸುತ್ತ ನೆರೆದರು. ಅವರ ಕಣ್ಣೆದುರೇ ಅವನು ಆಂಡ್ರ್ಯೂ ಸ್ಟಾಡರ್ಟ್ 1886ರಲ್ಲಿ ಹ್ಯಾಂಪ್‌ಸ್ಟೆಡ್ ಕ್ಲಬ್ಬಿಗಾಗಿ ಹೊಡೆದಿದ್ದ 485ರ ದಾಖಲೆಯನ್ನು ದಾಟಿ 509ಕ್ಕೆ ತಲುಪಿದ. ಸ್ಟಾಡರ್ಟ್ ಇಂಗ್ಲೆಂಡ್ ತಂಡದ ನಾಯಕನಾಗಿದ್ದವನು. ಕೊನೆಗೆ ಕಡೆಯ ಜೊತೆಗಾರ ರೆಡ್‌ಫರ್ನ್ 13 ರನ್ ಮಾಡಿ ಔಟಾದಾಗ ತಂಡದ ಮೊತ್ತ 836. ಉಳಿದವರೆಲ್ಲ ಸೇರಿ, ಇತರೆ ರನ್ನುಗಳನ್ನೂ ಕೂಡಿಸಿ, ಗಳಿಸಿದ್ದು 208 ಮಾತ್ರ. ಕಾಲಿನ್ಸ್ ಕ್ರೀಸಿನಲ್ಲಿದ್ದದ್ದು ಒಟ್ಟು 6 ಗಂಟೆ 50 ನಿಮಿಷ. ಆಮೇಲೆ ಅವನೇ ಬೌಲಿಂಗಿಗೂ ಇಳಿದು ಎರಡು ಇನಿಂಗ್ಸ್‌ಗಳಲ್ಲಿ 63 ರನ್‌ಗೆ 11 ವಿಕೆಟ್ ಕಿತ್ತ. ನಾರ್ತ್ ಟೌನ್ 87 ಮತ್ತು 61ಕ್ಕೆ ಮುಗಿದು, ಇನಿಂಗ್ಸ್ ಮತ್ತು 688 ರನ್‌ಗಳಿಂದ ಸೋತಿತು.

ಇಲ್ಲಿ ಒಂದು ಆಕ್ಷೇಪ ಸಹಜವಾಗಿಯೇ ಏಳುತ್ತದೆ. ಎದುರಾಳಿಗಳು ಚಿಕ್ಕ ಹುಡುಗರು, ಕ್ಯಾಚುಗಳನ್ನು ಹಲವು ಸಲ ಕೈಚೆಲ್ಲಿದವರು. ಸ್ಕೋರ್ ಬರೆದವರಲ್ಲಿ ಒಬ್ಬರೇ ಮುಂದೆ, ಲೆಕ್ಕದಲ್ಲಿ ಇಪ್ಪತ್ತು ಹೆಚ್ಚುಕಡಿಮೆ ಇದ್ದಿರಬಹುದು ಎಂದಿದ್ದರಂತೆ. ಇಂಥ ಆಟವನ್ನು ದಾಖಲೆಯೆಂದು ಎಣಿಸುವುದೇ ತಪ್ಪಲ್ಲವೇ? ಆಕ್ಷೇಪದಲ್ಲಿ ನಿಜವಿದೆ, ಅದನ್ನು ಮರೆಮಾಚಬೇಕಿಲ್ಲ. ಆ 628ರಲ್ಲಿ ಮೈದಾನದ ಪಾಲಿದೆ, ಎದುರಾಳಿಗಳ ಎಳೆತನದ ಪಾಲಿದೆ, ಕಾಲಮಿತಿ ಇಲ್ಲದ ನಿಯಮದ ಪಾಲೂ ಇದೆ. 2016ರ ಜನವರಿಯಲ್ಲಿ ಮುಂಬೈ ಬಳಿಯ ಕಲ್ಯಾಣದಲ್ಲಿ ಪ್ರಣವ್ ಧನವಡೆ ಔಟಾಗದೆ 1009 ಹೊಡೆದು ಕಾಲಿನ್ಸ್‌ನ ದಾಖಲೆಯನ್ನು ಮುರಿದಾಗಲೂ ಇದೇ ಮಾತು ಕೇಳಿಬಂತು. ಚಿಕ್ಕ ಮೈದಾನ, ದುರ್ಬಲ ಎದುರಾಳಿ, 323 ಎಸೆತಗಳಲ್ಲಿ 129 ಬೌಂಡರಿ, 59 ಸಿಕ್ಸರ್. ಶಾಲಾ ಕ್ರಿಕೆಟ್ಟಿನ ಮಹಾಮೊತ್ತಗಳು ಎರಡು ತಂಡಗಳ ನಡುವಿನ ಅಂತರ ಬಹಳ ದೊಡ್ಡದಿದ್ದಾಗ ಮಾತ್ರ ಹುಟ್ಟುತ್ತವೆ. ಆದರೂ ಅಷ್ಟರಿಂದಲೇ ಆಟಗಾರನ ಸಾಧನೆ ಸುಳ್ಳಾಗುವುದಿಲ್ಲ. ಅಂಥ ಮೈದಾನ, ಅಂಥ ಎದುರಾಳಿ, ಅಂಥ ಬಿಡುವು ಸಾವಿರಾರು ಹುಡುಗರಿಗೆ ಸಿಕ್ಕಿದ್ದವು, ಆದರೂ 116 ವರ್ಷ ಆ ಮೊತ್ತವನ್ನು ಯಾರೂ ಮುಟ್ಟಲಿಲ್ಲ. ಹದಿಮೂರರ ಪ್ರಾಯದಲ್ಲಿ ಮತ್ತೆ ಮತ್ತೆ ಮೈದಾನಕ್ಕೆ ಬಂದು, ನಿಂತಲ್ಲಿಂದ ಮತ್ತೆ ಶುರು ಮಾಡಿ, ಒಟ್ಟು ಏಳು ಗಂಟೆಯಷ್ಟು ಹೊತ್ತು ಬೇಸರವಿಲ್ಲದೆ ಓಡುವುದಕ್ಕೆ ಬೇಕಾದ ಆಸೆ ಮತ್ತು ಗಮನ ಆ ಹುಡುಗನವೇ. ಈ ಆಕ್ಷೇಪ ನನ್ನ ವಾದಕ್ಕೆ ಬಲವನ್ನೇ ಕೊಡುತ್ತದೆ. ಸಂದರ್ಭವೂ ಹುಡುಗನ ಉತ್ಸಾಹವೂ ಕೂಡಿಬಂದು ಆದ ಅಪರೂಪದ ಘಟನೆ ಇದು. ಇದರಲ್ಲಿ ಮುಂದಿನ ಯುದ್ಧಶೌರ್ಯದ ಸೂಚನೆಯನ್ನು ಹುಡುಕುವುದಕ್ಕೆ ಆಧಾರವೇ ಇಲ್ಲ.

ಹಾಗಾದರೆ ಆ ಸೂಚನೆಯನ್ನು ಕಾಣುವ ಅಭ್ಯಾಸ ಎಲ್ಲಿಂದ ಬಂತು? ಉತ್ತರ ಅದೇ ಶಾಲೆಯಲ್ಲಿದೆ. 1862ರಲ್ಲಿ ತೆರೆದ ಕ್ಲಿಫ್ಟನ್ ಕಾಲೇಜು ವಿಕ್ಟೋರಿಯಾ ಕಾಲದ ಹೊಸ ವಸತಿಶಾಲೆಗಳಲ್ಲಿ ಒಂದು. ಆ ಕಾಲದ ಇಂಗ್ಲಿಷ್ ಶಾಲೆಗಳು ತಂಡದ ಆಟಗಳನ್ನು ನಡತೆ ತಿದ್ದುವ ಸಾಧನವೆಂದು ಗಟ್ಟಿಯಾಗಿ ನಂಬಿದ್ದವು. ಅಪ್ಪಣೆಗೆ ತಲೆಬಾಗುವುದು, ತಂಡಕ್ಕಾಗಿ ತನ್ನನ್ನು ಮರೆಯುವುದು, ಸೋಲು ಎದುರಿದ್ದಾಗಲೂ ಕದಲದಿರುವುದು ಇವನ್ನೆಲ್ಲ ಮೈದಾನ ಕಲಿಸುತ್ತದೆ, ಹೀಗೆ ಕಲಿತವರೇ ಮುಂದೆ ಸಾಮ್ರಾಜ್ಯವನ್ನು ಆಳುತ್ತಾರೆ, ಕಾಯುತ್ತಾರೆ ಎಂಬುದು ಆ ನಂಬಿಕೆ. ಇದಕ್ಕೆ ಎಲ್ಲರಿಗಿಂತ ಪ್ರಸಿದ್ಧವಾದ ರೂಪ ಕೊಟ್ಟವನು ಕ್ಲಿಫ್ಟನ್ನಿನಲ್ಲೇ ಓದಿದ ಕವಿ ಹೆನ್ರಿ ನ್ಯೂಬೋಲ್ಟ್. ಅವನ ‘ವಿಟಾಯ್ ಲಂಪಾಡ’ ಕವಿತೆ ಕ್ಲಿಫ್ಟನ್ನಿನ ಮೈದಾನದಲ್ಲಿ ಬಿಗುವಾಗಿ ಸಾಗಿರುವ ಪಂದ್ಯವೊಂದರಿಂದ ಶುರುವಾಗಿ, ಮುಂದಿನ ನುಡಿಯಲ್ಲೇ ರಕ್ತ ಹರಿಯುವ ಮರುಭೂಮಿಯ ಕದನಕ್ಕೆ ಜಿಗಿಯುತ್ತದೆ. ಮೈದಾನದಲ್ಲಿ ಕೇಳಿದ ಹುರಿದುಂಬಿಸುವ ಮಾತೇ ಕದನದಲ್ಲೂ ಸೈನಿಕರನ್ನು ಒಗ್ಗೂಡಿಸುತ್ತದೆ. ಕಾಲಿನ್ಸ್ ಕ್ಲಿಫ್ಟನ್ನಿಗೆ ಸೇರಿದ 1897ರಲ್ಲೇ ಈ ಕವಿತೆ ಪುಸ್ತಕವಾಗಿ ಬಂದು ಮನೆಮಾತಾಗಿತ್ತು. ಅಂದರೆ ಅವನು ಬ್ಯಾಟ್ ಹಿಡಿಯುವ ಮುಂಚೆಯೇ ಅವನ ಕಥೆಯ ಚೌಕಟ್ಟು ಸಿದ್ಧವಾಗಿತ್ತು. 1914ರಲ್ಲಿ ಅವನು ಸತ್ತಾಗ ಹೆಸರು ತುಂಬುವುದಷ್ಟೇ ಬಾಕಿ ಇತ್ತು. ಅದೇ ವರ್ಷದ ಆಗಸ್ಟ್ 27ರಂದು ಹೆಸರಾಂತ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್ ‘ದಿ ಸ್ಪೋರ್ಟ್ಸ್‌ಮನ್’ ಪತ್ರಿಕೆಗೆ ಪತ್ರ ಬರೆದು, ಪಂದ್ಯಗಳನ್ನು ನಿಲ್ಲಿಸಿ ಕ್ರಿಕೆಟಿಗರು ಸೇನೆಗೆ ನೆರವಾಗಬೇಕೆಂದು ಕರೆಕೊಟ್ಟಿದ್ದರು. ಬ್ಯಾಟ್ ಕೆಳಗಿಟ್ಟು ಬಂದೂಕು ಎತ್ತಿಕೊಂಡ ಹವ್ಯಾಸಿ ಆಟಗಾರನ ಚಿತ್ರ ಆ ದಿನಗಳಲ್ಲಿ ಇಡೀ ದೇಶದ ಕಣ್ಣಮುಂದಿತ್ತು.

ಕಾಲಿನ್ಸ್ ಈ ಚಿತ್ರಕ್ಕೆ ಒಗ್ಗುವುದಿಲ್ಲ. ಅವನು ಯುದ್ಧ ಬಂತೆಂದು ಆಟ ಬಿಟ್ಟು ಸೇನೆಗೆ ಓಡಿದವನಲ್ಲ, ಸೇನೆಯೇ ಅವನ ವೃತ್ತಿಯಾಗಿತ್ತು. ಆ ವೃತ್ತಿಗೆ ಅವನನ್ನು ಒಯ್ದ ದಾರಿ ಶುರುವಾಗುವುದು ಭಾರತದಲ್ಲಿ. 1885ರ ಆಗಸ್ಟ್ 18ರಂದು ಇಂದಿನ ಜಾರ್ಖಂಡಿನ ಹಜಾರಿಬಾಗ್‌ನಲ್ಲಿ ಅವನು ಹುಟ್ಟಿದ. ತಂದೆ ಇಂಡಿಯನ್ ಸಿವಿಲ್ ಸರ್ವಿಸಿನ ನ್ಯಾಯಾಧೀಶ. ಆಳುವ ವರ್ಗದ ಇಂಥ ಕುಟುಂಬಗಳ ಮಕ್ಕಳು ಎಳವೆಯಲ್ಲೇ ಹಡಗು ಹತ್ತಿ ಇಂಗ್ಲೆಂಡಿನ ವಸತಿಶಾಲೆ ಸೇರುವುದು ರೂಢಿ. ಕಾಲಿನ್ಸ್ ಕ್ಲಿಫ್ಟನ್ನಿಗೆ ಬರುವ ಹೊತ್ತಿಗೆ ಅವನ ತಂದೆತಾಯಿ ಇಬ್ಬರೂ ತೀರಿಕೊಂಡಿದ್ದರು. ಅವನ ಹೊಣೆ ಹೊತ್ತ ಪೋಷಕರು ಡೆವನ್ ಸೀಮೆಯ ಟ್ಯಾವಿಸ್ಟಾಕ್‌ನಲ್ಲಿದ್ದರು. ಇಂಥ ಹುಡುಗನಿಗೆ ಮುಂದಿದ್ದ ದಾರಿಗಳು ಹೆಚ್ಚೇನಲ್ಲ. ಆ ಕಾಲದ ಕೌಂಟಿ ಕ್ರಿಕೆಟ್ಟಿನಲ್ಲಿ ಹವ್ಯಾಸಿ ಎಂದರೆ ಆಟಕ್ಕೆ ಸಂಬಳ ಪಡೆಯದೆ ಬೇಸಿಗೆಯಿಡೀ ಆಡುವಷ್ಟು ಸ್ವಂತ ಆದಾಯ ಅಥವಾ ಬಿಡುವು ಇದ್ದವನು. ಹಣಕ್ಕೆ ಆಡುವ ವೃತ್ತಿಪರರು ಬೇರೆ, ಅವರಿಗೆ ಪೆವಿಲಿಯನ್ನಿನ ಬಾಗಿಲೂ ಬೇರೆ. ಈ ಭೇದ ಇಂಗ್ಲೆಂಡಿನಲ್ಲಿ 1962ರವರೆಗೆ ಉಳಿದಿತ್ತು. ವಸತಿಶಾಲೆಯ ಹುಡುಗ ವೃತ್ತಿಪರನಾಗುವುದನ್ನು ಅವನ ವರ್ಗ ಒಪ್ಪುತ್ತಿರಲಿಲ್ಲ. ಉದ್ಯೋಗ ಬೇಕೇ ಬೇಕಿತ್ತು. ಕ್ಲಿಫ್ಟನ್ನಿನಲ್ಲಿ ಸೇನಾ ಅಕಾಡೆಮಿಗಳ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುವ ಪ್ರತ್ಯೇಕ ವಿಭಾಗವೇ ಇತ್ತು. ಫಿರಂಗಿ ದಳಕ್ಕೂ ಎಂಜಿನಿಯರ್ ದಳಕ್ಕೂ ಅಧಿಕಾರಿಗಳನ್ನು ತರಬೇತು ಮಾಡುತ್ತಿದ್ದುದು ವುಲಿಚ್‌ನ ರಾಯಲ್ ಮಿಲಿಟರಿ ಅಕಾಡೆಮಿ. ಅಲ್ಲಿ ಗಣಿತ ಗಟ್ಟಿಯಿರಬೇಕು, ಪರೀಕ್ಷೆಯಲ್ಲಿ ಮೇಲಿನ ಸ್ಥಾನ ಬಂದರೆ ಮಾತ್ರ ಎಂಜಿನಿಯರ್ ದಳ. ಮನೆಯ ಹಣವಿಲ್ಲದೆ ಕುದುರೆ ದಳದಲ್ಲಿ ಬಾಳುವುದು ಕಷ್ಟವಿತ್ತು, ಎಂಜಿನಿಯರ್ ದಳದಲ್ಲಿ ಸಂಬಳದಿಂದಲೇ ಬದುಕು ಸಾಗಿಸುವುದು ಹೆಚ್ಚು ಸಾಧ್ಯವಿತ್ತು. ಕಾಲಿನ್ಸ್ ಹಿಡಿದದ್ದು ಈ ದಾರಿಯನ್ನೇ. ವುಲಿಚ್ ಮುಗಿಸಿ 1904ರಲ್ಲಿ ರಾಯಲ್ ಎಂಜಿನಿಯರ್ಸ್ ಸೇರಿದ.

ಆಟವನ್ನು ಅವನು ಬಿಡಲಿಲ್ಲ. ಶಾಲೆಯ ಮೊದಲ ತಂಡದಲ್ಲಿ ಆಡಿದ, ಸೇನೆಯಲ್ಲಿದ್ದಾಗ ರೆಜಿಮೆಂಟಿನ ಪಂದ್ಯಗಳನ್ನು ಆಡಿದ. 1913ರಲ್ಲಿ ಲಾರ್ಡ್ಸ್ ಮೈದಾನದಲ್ಲಿ ಫಿರಂಗಿ ದಳದ ವಿರುದ್ಧ ಎಂಜಿನಿಯರ್ ದಳದ ಪರ 58 ರನ್ ಗಳಿಸಿದ. ಆದರೆ ಪ್ರಥಮ ದರ್ಜೆಯ ಒಂದು ಪಂದ್ಯವನ್ನೂ ಆಡಲಿಲ್ಲ. ಕ್ರಿಕೆಟ್ ಅವನಿಗೆ ಉದ್ಯೋಗದ ನಡುವಿನ ಬಿಡುವಿನ ಸಂತೋಷವಾಗಿ ಉಳಿಯಿತು. ಇದು ವೈಫಲ್ಯವೆಂದು ಕೆಲವರಿಗೆ ತೋರಬಹುದು. 628 ಹೊಡೆದವನು ಇಂಗ್ಲೆಂಡ್ ತಂಡಕ್ಕೆ ಏಕೆ ಬರಲಿಲ್ಲ ಎಂದು ಕೇಳುವವರು ಹದಿಮೂರರ ಹುಡುಗನೊಬ್ಬ ತನ್ನ ಓರಗೆಯವರ ಎದುರು ಆಡಿದ ಒಂದು ಇನಿಂಗ್ಸಿನ ಮೇಲೆ ಇಡೀ ಬದುಕಿನ ಭಾರ ಹೊರಿಸುತ್ತಿದ್ದಾರೆ. ಅವನು ತನ್ನ ಕಾಲದ, ತನ್ನ ವರ್ಗದ ಸಾವಿರಾರು ಯುವಕರಂತೆ ದುಡಿದ, ಕ್ಯಾಪ್ಟನ್ ದರ್ಜೆಗೆ ಏರಿದ, 1914ರ ವಸಂತದಲ್ಲಿ ಮದುವೆಯಾದ. ಕೆಲವೇ ತಿಂಗಳಲ್ಲಿ ಮೊದಲ ಮಹಾಯುದ್ಧ ಬಂತು.

ಈಪ್ರ್‌ನಲ್ಲಿ ನಡೆದದ್ದೇನು ಎಂಬುದನ್ನೂ ಅಷ್ಟೇ ಹತ್ತಿರದಿಂದ ನೋಡಬೇಕು. ಕಾಲಿನ್ಸ್ ಇದ್ದದ್ದು ರಾಯಲ್ ಎಂಜಿನಿಯರ್ಸ್‌ನ 5ನೇ ಫೀಲ್ಡ್ ಕಂಪನಿಯಲ್ಲಿ. ಇನ್ನೂರಕ್ಕೂ ಹೆಚ್ಚು ಜನರ ಇಂಥ ಕಂಪನಿಯ ಕೆಲಸ ಸೇತುವೆ ಕಟ್ಟುವುದು, ಬೇಕಾದರೆ ಸಿಡಿಸುವುದು, ಕಂದಕ ತೋಡಿಸುವುದು, ಮುಳ್ಳುತಂತಿ ಹಾಕುವುದು. 1914ರ ಅಕ್ಟೋಬರ್ 19ರಿಂದ ನವೆಂಬರ್ 22ರವರೆಗೆ ನಡೆದ ಮೊದಲನೇ ಈಪ್ರ್ ಕದನದಲ್ಲಿ ಬ್ರಿಟಿಷ್ ಸೇನೆಯ ಸಾಲು ದಿನದಿನಕ್ಕೂ ತೆಳುವಾಗುತ್ತ ಹೋಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಐವತ್ತು ಸಾವಿರಕ್ಕೂ ಹೆಚ್ಚು ಬ್ರಿಟಿಷ್ ಪಡೆಯವರನ್ನು ಆ ಕದನ ನುಂಗಿತು. ನವೆಂಬರ್ 11ರಂದು ಜರ್ಮನ್ನರು ತಮ್ಮ ಆಯ್ದ ಪಡೆಯಾದ ಪ್ರಷ್ಯನ್ ಗಾರ್ಡ್ ಅನ್ನೇ ಮೆನಿನ್ ರಸ್ತೆಯ ಆಚೀಚೆ ಮುನ್ನುಗ್ಗಿಸಿದರು. ಬ್ರಿಟಿಷ್ ಸಾಲು ಒಂದೆಡೆ ಮುರಿದು, ಜರ್ಮನ್ನರು ಪಾಲಿಗಾನ್ ವುಡ್ ಪಕ್ಕದ ನಾನ್ ಬಾಷೆನ್ ಕಾಡಿಗೆ ನುಗ್ಗಿದರು. ತಡೆಯಲು ಕಾಲಾಳುಗಳು ಸಾಲದೆ, ಕೈಗೆ ಸಿಕ್ಕವರನ್ನೆಲ್ಲ ಸಾಲಿಗೆ ಹಾಕಲಾಯಿತು. ಗುದ್ದಲಿ, ಹಾರೆ ಹಿಡಿಯುವ 5ನೇ ಫೀಲ್ಡ್ ಕಂಪನಿಯೂ ಬಂದೂಕು, ಬಯೊನೆಟ್ ಹಿಡಿದು ಕಾಲಾಳು ಪಡೆಯಂತೆ ಹೋರಾಡಿತು. ಕಂದಕದ ಪಕ್ಕವನ್ನು ಕಾಯಲು ಇನ್ನಷ್ಟು ಜನ ಬೇಕೆಂದು ಸನ್ನೆ ಮಾಡುತ್ತಿದ್ದಾಗ ಕಾಲಿನ್ಸ್‌ಗೆ ಪೆಟ್ಟು ಬಿತ್ತು. ಆಗ ಅವನಿಗೆ ಇಪ್ಪತ್ತೊಂಬತ್ತು. ಅವನ ಸಮಾಧಿ ಎಲ್ಲಿದೆಯೋ ಇಂದು ತಿಳಿಯದು. ಹೆಸರು ಈಪ್ರ್‌ನ ಮೆನಿನ್ ಗೇಟ್ ಸ್ಮಾರಕದ ಮೇಲೆ, ಗುರುತು ಸಿಗದೆ ಹೋದ 54,000ಕ್ಕೂ ಹೆಚ್ಚು ಜನರ ಹೆಸರುಗಳ ನಡುವೆ ಇದೆ. ಅವನ ತಮ್ಮನೂ 1917ರಲ್ಲಿ ಇದೇ ಯುದ್ಧದಲ್ಲಿ ಸತ್ತ.

ಈಗ ಬಲವಾದ ಆಕ್ಷೇಪಕ್ಕೆ ಬರೋಣ. ಕ್ರಿಕೆಟ್ ಅವನನ್ನು ಸೈನಿಕನನ್ನಾಗಿ ಮಾಡಲಿಲ್ಲ ನಿಜ, ಆದರೆ ಆ ಹೊತ್ತಿನಲ್ಲಿ ಕದಲದೆ ನಿಲ್ಲುವ ಮನಸ್ಸನ್ನು ಮೈದಾನವೇ ಕೊಟ್ಟಿರಬಾರದೇ? ಅವನಿದ್ದ ಕೋರ್‌ನ ದಳಪತಿ ಡಗ್ಲಸ್ ಹೇಗ್ ಕೂಡ ಕ್ಲಿಫ್ಟನ್ನಿನವನೇ. ಆ ಶಾಲೆಯ ಐನೂರಕ್ಕೂ ಹೆಚ್ಚು ಹಳೆಯ ವಿದ್ಯಾರ್ಥಿಗಳು ಆ ಯುದ್ಧದಲ್ಲಿ ಸತ್ತರು. ಇಷ್ಟೊಂದು ಜನ ಒಂದೇ ಮೂಸೆಯಿಂದ ಬಂದವರಾದಾಗ ಮೂಸೆಗೆ ಏನೂ ಶ್ರೇಯ ಇಲ್ಲವೇ? ಶಾಲೆಗೆ ಶ್ರೇಯ ಇದ್ದೇ ಇದೆ, ಅದು ಅಧಿಕಾರಿಗಳನ್ನು ತಯಾರು ಮಾಡಿತು. ಧೈರ್ಯವನ್ನು ತಯಾರು ಮಾಡಿತೇ ಎಂಬುದು ಬೇರೆ ಪ್ರಶ್ನೆ. ಇದನ್ನು ಪರೀಕ್ಷಿಸುವ ದಾರಿ ಸರಳ: ಅದೇ ಕದನದಲ್ಲಿ ಅದೇ ಆಟ ಆಡದೆ ಬಂದವರು ಹೇಗೆ ನಿಂತರು ಎಂದು ನೋಡುವುದು. ಕಾಲಿನ್ಸ್ ಜೊತೆ ನಿಂತ, ಎಂಜಿನಿಯರ್ ದಳದ ಸಾಮಾನ್ಯ ಸೈನಿಕರಾದ ಸ್ಯಾಪರ್‌ಗಳು ಬಡಗಿ, ಕಮ್ಮಾರ, ಗಾರೆಕೆಲಸಗಳಂಥ ಕಸುಬಿನವರು, ವಸತಿಶಾಲೆಯ ಮೈದಾನ ಕಂಡವರಲ್ಲ. ಎದುರಿನಿಂದ ಗುಂಡಿನ ಮಳೆಯೊಳಗೆ ನುಗ್ಗಿ ಬಂದ ಪ್ರಷ್ಯನ್ ಗಾರ್ಡ್‌ನವರಿಗೆ ಕ್ರಿಕೆಟ್ಟಿನ ಪರಿಚಯವೇ ಇರಲಿಲ್ಲ. ಅಲ್ಲಿಗೆ ಕೆಲವೇ ಮೈಲಿ ದೂರದ ಹೋಲೆಬೆಕೆಯಲ್ಲಿ, ಅಕ್ಟೋಬರ್ 31ರಂದು, 129ನೇ ಬಲೂಚಿ ದಳದ ಸಿಪಾಯಿ ಖುದಾದಾದ್ ಖಾನ್ ಗಾಯಗೊಂಡಿದ್ದರೂ, ಜೊತೆಯವರೆಲ್ಲ ಸತ್ತ ಮೇಲೂ ಮಷಿನ್ ಗನ್ ನಡೆಸುತ್ತಲೇ ಇದ್ದ. ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಅವನೇ. ಪಂಜಾಬಿನ ಹಳ್ಳಿಯಿಂದ ಬಂದ ಅವನನ್ನು ಯಾವ ಹೌಸ್ ಮ್ಯಾಚೂ ಗಟ್ಟಿಗೊಳಿಸಿರಲಿಲ್ಲ. ಕ್ರಿಕೆಟ್ ಇದ್ದಲ್ಲೂ ಧೈರ್ಯ ಇತ್ತು, ಇಲ್ಲದಲ್ಲೂ ಇತ್ತು. ಹೀಗಿರುವಾಗ ಕ್ರಿಕೆಟ್ಟನ್ನು ಧೈರ್ಯದ ಕಾರಣವೆನ್ನಲು ಬರುವುದಿಲ್ಲ. ಇನ್ನೂ ಒಂದು ಮಾತು. ಮೈದಾನದಲ್ಲಿ ಕಾಲಿನ್ಸ್‌ಗೆ ಸಿಕ್ಕಿದ್ದೆಲ್ಲವೂ ಯುದ್ಧದಲ್ಲಿ ಇರಲಿಲ್ಲ. ಮೈದಾನದಲ್ಲಿ ಎದುರಾಳಿಯ ಕೈಯಿಂದ ಕ್ಯಾಚ್ ಜಾರಿದರೆ ಮತ್ತೆ ಆಡಬಹುದಿತ್ತು. ಸಂಜೆಯಾದರೆ ನಾಳೆ ಮುಂದುವರಿಸಬಹುದಿತ್ತು. ಈಪ್ರ್‌ನ ಗುಂಡು ನೈಪುಣ್ಯವನ್ನೂ ಸಂಯಮವನ್ನೂ ನೋಡಿ ಬರಲಿಲ್ಲ.

ಆ ಕಟ್ಟುಕಥೆಯನ್ನು ಕಟ್ಟಿದವರೆಲ್ಲ ಮೋಸಗಾರರೆಂದು ಇದರ ಅರ್ಥವಲ್ಲ. ಒಂದೇ ಶಾಲೆಯ ನೂರಾರು ಮಕ್ಕಳು ಮರಳಿ ಬಾರದಿದ್ದಾಗ ಉಪಾಧ್ಯಾಯರಿಗೆ, ತಾಯಂದಿರಿಗೆ, ಉಳಿದ ಗೆಳೆಯರಿಗೆ ಆ ಸಾವುಗಳಿಗೆ ಒಂದು ಅರ್ಥ ಬೇಕಿತ್ತು. ಆಟದ ಮೈದಾನದಿಂದ ರಣರಂಗಕ್ಕೆ ಎಳೆದ ಗೆರೆ ಅವರಿಗೆ ಸಮಾಧಾನ ಕೊಟ್ಟಿತು. ಆ ದುಃಖಕ್ಕೆ ಗೌರವ ಸಲ್ಲಬೇಕು. ಆದರೆ ದುಃಖಿತರಿಗೆ ಬೇಕಾದ ಸಮಾಧಾನವನ್ನು ನೂರು ವರ್ಷದ ಮೇಲೂ ಚರಿತ್ರೆಯೆಂದು ಒಪ್ಪಿಸಿದರೆ ಒಂದು ನಿಜವಾದ ಪ್ರಶ್ನೆ ಮುಚ್ಚಿಹೋಗುತ್ತದೆ: ಹಜಾರಿಬಾಗ್‌ನಲ್ಲಿ ಹುಟ್ಟಿ, ಡೆವನ್ನಿನ ಪೋಷಕರ ಆಸರೆಯಲ್ಲಿ ಬೆಳೆದು, ಗಣಿತ ಕಲಿತ ಒಬ್ಬ ಎಂಜಿನಿಯರ್ ಬೆಲ್ಜಿಯಮ್ಮಿನ ಕಾಡೊಂದರ ಅಂಚಿನಲ್ಲಿ ಯಾಕೆ ಸಾಯಬೇಕಾಯಿತು? ಸಾಮ್ರಾಜ್ಯದ ಆಡಳಿತ, ಅದರ ಶಾಲೆಗಳು, ಅದರ ಸೇನೆ, ಯುರೋಪಿನ ರಾಜಧಾನಿಗಳು 1914ರಲ್ಲಿ ಮಾಡಿದ ತೀರ್ಮಾನಗಳು ಇವೆಲ್ಲ ಸೇರಿ ಅವನನ್ನು ಅಲ್ಲಿಗೆ ಒಯ್ದವು. ಆಟದ ಗುಣಗಾನ ಈ ಹೊಣೆಗಾರಿಕೆಯನ್ನು ಮರೆಸುತ್ತದೆ.

ಕೊನೆಯ ಆಕ್ಷೇಪವೂ ಸಣ್ಣದಲ್ಲ. 628 ಇರದಿದ್ದರೆ ಕಾಲಿನ್ಸ್‌ನನ್ನು ಇಂದು ಯಾರು ನೆನೆಯುತ್ತಿದ್ದರು? ಮೆನಿನ್ ಗೇಟ್‌ನ ಸಾವಿರಾರು ಹೆಸರುಗಳಲ್ಲಿ ಅವನದೂ ಒಂದಾಗಿ ಉಳಿಯುತ್ತಿತ್ತು. ಅವನ ಸಾವಿನ ನೆನಪು ಬದುಕಿರುವುದೇ ಆಟದ ಆಸರೆಯಿಂದ, ಹೀಗಿರುವಾಗ ಎರಡನ್ನೂ ಬೇರ್ಪಡಿಸಿ ಏನು ಸಾಧಿಸಿದಂತಾಯಿತು? ಒಪ್ಪುತ್ತೇನೆ, ನಾವು ಅವನ ಬಳಿಗೆ ಹೋಗುವುದು ಆ ಸಂಖ್ಯೆ ಹಿಡಿದುಕೊಂಡೇ. ಆದರೆ ನೆನಪಿಗೆ ಕಾರಣವಾದದ್ದೆಲ್ಲ ಬದುಕಿಗೂ ಕಾರಣವಾಗಬೇಕಿಲ್ಲ. ಬೇರ್ಪಡಿಸಿದರೆ ಎರಡೂ ಬದಿಗೆ ಲಾಭವಿದೆ. ಅವನ ಸಾವು ಆಗ ಒಬ್ಬ ಪ್ರಸಿದ್ಧ ಬ್ಯಾಟುಗಾರನ ಕಥೆಯ ಮುಕ್ತಾಯವಾಗಿ ಉಳಿಯದೆ, ಪಕ್ಕದಲ್ಲೇ ಹೆಸರಿರುವ ಸ್ಯಾಪರ್‌ಗಳ, ಸಿಪಾಯಿಗಳ ಸಾವಿನ ಸಾಲಿಗೆ ಸೇರುತ್ತದೆ. ಅವರೂ ಅಷ್ಟೇ ನೆನಪಿಗೆ ಅರ್ಹರೆಂಬುದು ಕಾಣುತ್ತದೆ. ಅವನ ಆಟ ಕೂಡ ಸಾಮ್ರಾಜ್ಯಕ್ಕಾಗಿ ನಡೆದ ತರಬೇತಿ ಎಂಬ ಹೊರೆ ಕಳೆದುಕೊಳ್ಳುತ್ತದೆ. ಅಪ್ಪ ಅಮ್ಮ ಇಲ್ಲದ ಹದಿಮೂರರ ಹುಡುಗನೊಬ್ಬ ಕೆಲವು ಮಧ್ಯಾಹ್ನಗಳ ಮಟ್ಟಿಗೆ ಇಡೀ ಶಾಲೆ ಕೆಲಸ ಬಿಟ್ಟು ನೋಡುವಂತೆ ಆಡಿದ, ಓಡಿದ, ಖುಷಿಪಟ್ಟ. ಅವನ ಬದುಕಿನಲ್ಲಿ ಬಹುಪಾಲು ಸಂಗತಿಗಳನ್ನು ಅವನ ಹುಟ್ಟು, ವರ್ಗ, ಶಾಲೆ, ಸೇನೆ ತೀರ್ಮಾನಿಸಿದವು. ಆ ಇನಿಂಗ್ಸನ್ನು ಮಾತ್ರ ಅವನೇ ಕಟ್ಟಿದ. ಯುದ್ಧದ ಸಮರ್ಥನೆಗೆ ಅದನ್ನು ಬಳಸದೆ ಆಟವಾಗಿಯೇ ಉಳಿಸಿಕೊಳ್ಳುವುದು ಅವನಿಗೆ ನಾವು ತೀರಿಸಬಹುದಾದ ಋಣ.